ಬೂದಿಯ ಬಾಣಂತನ

ಡಾಕ್ಟರು ಬೂದಿಯ ಹೊಟ್ಟೆಯ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಆಮೇಲೆ ನನ್ನ ಮುಖ ನೋಡಿದರು.

“ಯಾವತ್ತಮ್ಮ ಫ್ಲೈಟು?”

“ಬರೋ ಸೋಮವಾರ ಸರ್.”

“ಕೆಂಚ ಹೋಗಬಹುದು. ಇವಳಿಗೆ ನಾನು ಸರ್ಟಿಫಿಕೇಟ್ ಕೊಡೋಕಾಗಲ್ಲ. ಬಸುರಿ. ಇನ್ನು ಹತ್ತು ಹನ್ನೆರಡು ದಿನಕ್ಕೆ ಮರಿ ಹಾಕ್ತಾಳೆ.”

ನಾನು ಅದನ್ನು ಕೊಬ್ಬು ಅಂದುಕೊಂಡಿದ್ದೆ. ಅತ್ತೆ ದಿನಾ ಕೆನೆಮೊಸರು ಕಲಸಿದ ಅನ್ನ ಹಾಕುತ್ತಿದ್ದರು, ಅದಕ್ಕೇ ಮೈ ಬಂದಿದೆ ಎಂದು ಬಗೆದಿದ್ದೆ. ಮೇಜಿನ ಮೇಲೆ ಬೂದಿ ನನ್ನ ದುಪಟ್ಟಾದೊಳಗೆ ತಲೆ ತೂರಿಸಿ ನಿಂತಿದ್ದಳು. ಅವಳ ಅಣ್ಣ ಕೆಂಚ ಬುಟ್ಟಿಯೊಳಗೆ ಮಲಗಿದ್ದ.

“ಆವತ್ತೇ ಹೇಳಿದ್ನಲ್ಲಮ್ಮ, ಇಬ್ಬರಿಗೂ ಒಟ್ಟಿಗೆ ಆಪರೇಷನ್ ಮಾಡ್ಬಿಡ್ತೀನಿ ಅಂತ. ಯಾಕೆ ಬೇಡ ಅಂದ್ರಿ?”

“ಮನೇಲಿ ಬೇಡ ಅಂದ್ರು ಸರ್.”

“ಮನೇಲಿ ಅಂದ್ರೆ ಯಾರು?”

ನಾನು ಬೂದಿಯ ಕಿವಿ ಸವರುತ್ತಾ ನಿಂತೆ. ಡಾಕ್ಟರ್ ನರಸಿಂಹರಾಜು ಕೈ ತೊಳೆಯುತ್ತಾ ಹೇಳಿದರು: “ಈಗಲೂ ಒಂದು ದಾರಿ ಇದೆ. ಮರಿ ಸಮೇತ ಗರ್ಭ ತೆಗೆದುಬಿಡಬಹುದು. ಹೊಲಿಗೆ ಮಾಗಿದ ಮೇಲೆ ಹೋಗ್ಬಹುದು. ಮಾಡೋದಾದ್ರೆ ನಾಡಿದ್ದರೊಳಗೆ ಫೋನ್ ಮಾಡಿ. ಇಲ್ಲ, ಮರಿ ಹಾಕಿ ಹಾಲು ಬಿಡೋವರೆಗೆ ಕಾಯ್ಬೇಕು. ಇಲ್ಲ, ಬಿಟ್ಟು ಹೋಗಬೇಕು.”

ಶಿರಾದಿಂದ ಮಧುಗಿರಿ ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರ್ ಬಗ್ಗಿ ನೋಡಿದ.

“ಏನಕ್ಕ, ಕೋಳಿನಾ?”

“ಬೆಕ್ಕು.”

“ಬುಡೋಕೆ ಹೋಯ್ತಾ ಇದೀರಾ? ದೂರ ಬುಡಿ ಅಕ್ಕ. ಹತ್ರ ಬುಟ್ರೆ ನಿಮಗಿಂತ ಮುಂಚೆ ಮನೆಗೆ ಬಂದು ಕುಂತಿರ್ತವೆ. ಯಾವೂರಲ್ಲಿ ಬುಡ್ತೀರಾ?”

ಜರ್ಮನಿಯಲ್ಲಿ ಎನ್ನಬೇಕೆನಿಸಿತು. ಮಧುಗಿರಿಗೆ ಒಂದು ಟಿಕೆಟ್ ಅಂದೆ.

ನನ್ನ ಗಂಡ ರೇಣುಕಪ್ರಸಾದ್ ಜರ್ಮನಿಯ ಕಾಸೆಲ್ ಎಂಬ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಮದುವೆಯಾಗಿ ಕೆಲವೇ ವಾರಕ್ಕೆ ಹೋದರು. ನಾನು ಜರ್ಮನ್ ಭಾಷೆಯ ಪರೀಕ್ಷೆ ಕಟ್ಟಿ, ಪಾಸಾಗಿ, ವೀಸಾ ಬರುವವರೆಗೆ ಅತ್ತೆಮನೆಯಲ್ಲಿ ಇರುವುದೆಂದಾಯಿತು. ಕೊರಟಗೆರೆಯ ತವರಿಂದ ಬರುವಾಗ ಬೇರೆ ಹೆಣ್ಣುಮಕ್ಕಳು ಏನೇನೋ ತರುತ್ತಾರೆ. ನಾನು ಈ ಎರಡು ಬೆಕ್ಕುಗಳನ್ನು ತಂದೆ. ಅಮ್ಮ ತೀರಿಕೊಂಡ ವರ್ಷ ನಮ್ಮ ಹಿತ್ತಲಲ್ಲಿ ಹುಟ್ಟಿದವು. ಬಾಟಲಿಯ ಮುಚ್ಚಳದಲ್ಲಿ ಹಾಲು ಕುಡಿಸಿ ಬದುಕಿಸಿದ್ದೆ. ಮದುವೆಗೆ ಮುಂಚೆ ನಾನು ಕೇಳಿದ್ದು ಅದೊಂದೇ: ಎಲ್ಲಿಗೆ ಹೋದರೂ ಇವು ಜೊತೆಗೆ ಬರಬೇಕು. ಅವರು ನಕ್ಕು ಹೂಂ ಅಂದಿದ್ದರು.

ಬೆಕ್ಕನ್ನು ಆ ದೇಶಕ್ಕೆ ಒಯ್ಯುವುದು ಮನುಷ್ಯರನ್ನು ಒಯ್ಯುವುದಕ್ಕಿಂತ ಕಷ್ಟ. ಮೊದಲು ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಚಿಪ್ ಕೂರಿಸಬೇಕು. ಆಮೇಲೆ ರೇಬೀಸ್ ಲಸಿಕೆ. ಆಮೇಲೆ ರಕ್ತ ತೆಗೆದು ಯೂರೋಪಿನ ಲ್ಯಾಬಿಗೆ ಕಳಿಸಬೇಕು. ಫಲಿತಾಂಶ ಸರಿಯಿದ್ದರೂ ತಿಂಗಳುಗಟ್ಟಲೆ ಕಾಯಬೇಕು. ಚಿಪ್ ಕೂರಿಸಿಕೊಂಡು ಬಂದ ದಿನ ಮಾವ ನಾಗಲಿಂಗಯ್ಯನವರು ಬೂದಿಯ ಕುತ್ತಿಗೆ ಹಿಂದೆ ಮುಟ್ಟಿ ನೋಡಿ, “ಲಿಂಗ ಕಟ್ಟಿಸ್ಕೊಂಡು ಬಂದ್ಲಾ? ಇನ್ಮೇಲೆ ಇಲಿ ಮುಟ್ಟಂಗಿಲ್ಲ ನೋಡು” ಎಂದಿದ್ದರು. ಅವರದು ಪೇಟೆಯಲ್ಲಿ ವಿಭೂತಿಗಟ್ಟಿ, ಸೀಗೆಕಾಯಿ, ಬೇರು ನಾರು ಮಾರುವ ಗ್ರಂಥಿಗೆ ಅಂಗಡಿ.

ಆಪರೇಷನ್ನಿಗೆ ಅಡ್ಡ ಬಂದವರು ಅತ್ತೆ ಸಿದ್ದಗಂಗಮ್ಮ. ಗಂಡಿಗೆ ಮಾಡಿಸು, ಹೆಣ್ಣಿಗೆ ಬೇಡ ಎಂದರು. “ಮದುವೆಯಾಗಿ ವರ್ಷ ತುಂಬಿಲ್ಲ. ಹೊಸ ಸೊಸೆ ಇರೋ ಮನೇಲಿ ಹೆಣ್ಣುಜೀವದ ಗರ್ಭ ಕೊಯ್ಸಬಾರದು ಕಣಮ್ಮ. ಬೆಕ್ಕಾದ್ರೇನು ಮನುಷ್ಯರಾದ್ರೇನು, ಗರ್ಭ ಗರ್ಭವೇ.” ಬರಗೂರಿಗೆ ಕೊಟ್ಟಿದ್ದ ಅವರ ತಂಗಿ ಮದುವೆಯಾದ ವರ್ಷವೇ ಬಸುರಿ ಬೆಕ್ಕೊಂದನ್ನು ಗೋಣಿಚೀಲದಲ್ಲಿ ಹಾಕಿಸಿ ಕೆರೆಯಾಚೆ ಬಿಡಿಸಿದ್ದರಂತೆ. ಅವರಿಗೆ ಮಕ್ಕಳಾಗಲಿಲ್ಲ.

ಆಗ ಹಿತ್ತಲ ಗೋಡೆಯಾಚೆಯಿಂದ ಪಕ್ಕದ ಮನೆಯ ಚಿಕ್ಕಹನುಮಕ್ಕ ಕೇಳಿಸಿಕೊಂಡು ನಗಾಡಿದ್ದಳು. “ನಮ್ಮ ಕಾಲ್ದಲ್ಲಿ ಹೆಂಗುಸ್ರುನೆಲ್ಲ ಜೀಪಿಗೆ ತುಂಬ್ಕೊಂಡು ಹೋಗಿ ಆಪ್ರೇಸನ್ ಮಾಡುಸ್ದ್ರು. ಗಂಡುಸ್ರು ಆಸ್ಪತ್ರೆ ಮುಂದೆ ಬೀಡಿ ಸೇದ್ಕೊಂಡು ಕುಂತಿದ್ರು. ನಿಮ್ಮ ಮನೆ ಬೆಕ್ಕಿನ ಜಾತಿಲೇ ನ್ಯಾಯ ಐತೆ ಬುಡಿ ಅಮ್ಮಾರೆ.”

ನಾನು ನಗಲಿಲ್ಲ, ವಾದಿಸಲೂ ಇಲ್ಲ. ಹೇಗೂ ಬೂದಿ ಹೊಸಿಲು ದಾಟುವುದಿಲ್ಲ ಅಂದುಕೊಂಡೆ. ಅವಳು ಯಾವಾಗ ದಾಟಿದಳೋ ಗೊತ್ತಿಲ್ಲ.

ಮನೆಗೆ ಬಂದು ವಿಷಯ ಹೇಳಿದಾಗ ಅತ್ತೆಯ ಮುಖ ಅರಳಿತು. ದೇವರ ಕೋಣೆಯಿಂದ ಕುಂಕುಮ ತಂದು ಬೂದಿಯ ಹಣೆಗೆ ಒತ್ತಿದರು. ಅವಳು ತಲೆ ಒದರಿದಳು.

“ನೋಡ್ದ್ಯಾ, ನಾನೇನಂದಿದ್ದೆ? ಮನೇಲಿ ಒಂದು ಮಡಿಲು ತುಂಬಿದ್ರೆ ಇನ್ನೊಂದು ತಾನೇ ತುಂಬ್ತದೆ.”

ಬಟ್ಟೆ ಒಣಗಿಸುತ್ತಿದ್ದ ಚಿಕ್ಕಹನುಮಕ್ಕ ಗೋಡೆಯ ಮೇಲೆ ಮೊಣಕೈ ಊರಿದಳು. “ಅಲ್ಲಾ ಅಮ್ಮಾರೆ, ನಿಮ್ಮ ಮಗ ಜರ್ಮನಿಲವ್ರೆ, ನಿಮ್ಮ ಸೊಸೆ ಲೋಯ್ತಮ್ಮ ಮಧುಗಿರಿಲವ್ರೆ. ಬೆಕ್ಕು ಬಸುರಾದ್ರೆ ಇವ್ರು ಹೆಂಗಾಗ್ತಾರೆ? ಫೋನಲ್ಲಾ?”

“ಥೂ, ಬಾಯಿ ಮುಚ್ಚೇ ಹನುಮಿ,” ಎಂದು ಅತ್ತೆ ಬೈದರು. ಬೈಯುತ್ತಲೇ ನಕ್ಕರು. ನಾನು ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ. ಕಿವಿ ಬಿಸಿಯಾಗಿದ್ದವು. ಮಂಚದ ಮೇಲೆ ಅರ್ಧ ತುಂಬಿದ ಸೂಟ್‌ಕೇಸ್ ಬಾಯಿ ತೆರೆದುಕೊಂಡಿತ್ತು. ತುಂಬುವುದೋ ತೆಗೆಯುವುದೋ ತಿಳಿಯದೆ ಅದರ ಪಕ್ಕ ಕೂತೆ.

ಸಂಜೆ ಗಂಡನ ಫೋನ್ ಬಂತು. ರಾತ್ರಿ ಪಾಳಿ ಮುಗಿಸಿ ಮಲಗಿ ಆಗಷ್ಟೇ ಎದ್ದಿದ್ದರು. ಎಲ್ಲ ಕೇಳಿ ಆಕಳಿಸಿದರು.

“ಲೋಹಿ, ಸುಮ್ನೆ ತಲೆ ಕೆಡಿಸ್ಕೋಬೇಡ. ಕೆಂಚನ್ನ ಕರ್ಕೊಂಡು ಬಾ. ಬೂದಿ ಅಮ್ಮನ ಹತ್ರ ಇರ್ಲಿ. ಬೆಕ್ಕು ಮನೆನ ನಂಬೋ ಪ್ರಾಣಿ, ಮನುಷ್ಯರನ್ನಲ್ಲ.”

ಅವಳು ಈ ಮನೆಯನ್ನು ನಂಬಿ ಬಂದವಳಲ್ಲ ಎನ್ನಬೇಕಿತ್ತು.

“ಊಟ ಆಯ್ತಾ?” ಎಂದು ಕೇಳಿದೆ.

ಮಾರನೆಯ ದಿನವೆಲ್ಲ ಮನೆಯಲ್ಲಿ ಇದೇ ಮಾತು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ಬೂದಿ ಇಲ್ಲಿರುತ್ತಾಳೆಂದು ಅತ್ತೆ ತೀರ್ಮಾನಿಸಿಯೂ ಆಗಿತ್ತು. ಹಳೇ ಸೀರೆ ಮಡಿಚಿ ಹಿಂದಿನ ಕೋಣೆಯಲ್ಲಿ ಹಾಸಿದ್ದರು. ಬೂದಿ ಮಾತ್ರ ಆ ಸೀರೆಯನ್ನು ಮೂಸಿ ನೋಡಿ, ಬಂದು ನನ್ನ ಸೂಟ್‌ಕೇಸಿನೊಳಗೆ ಮಲಗಿದಳು. ಕೆಂಚ ಅವಳ ಬೆನ್ನಿಗೆ ಬೆನ್ನು ಹಚ್ಚಿದ. ಇವನೊಬ್ಬನನ್ನೇ ಹೊತ್ತು ವಿಮಾನ ಹತ್ತುವುದನ್ನು ಕಣ್ಣ ಮುಂದೆ ತಂದುಕೊಳ್ಳಲು ಎಷ್ಟು ಪ್ರಯತ್ನಿಸಿದರೂ ಬರಲಿಲ್ಲ.

ರಾತ್ರಿಯ ಊಟಕ್ಕೆ ಕೂತಾಗ ಮಾವ ಕೇಳಿದರು. “ಡಾಕ್ಟ್ರಿಗೆ ಏನು ಹೇಳ್ತೀಯಮ್ಮ? ನಾಳೆಗೆ ಹೇಳ್ಬೇಕಲ್ವಾ?”

ಆಪರೇಷನ್ನಿನ ಮಾತನ್ನು ಮಾವನಿಗೆ ಮಾತ್ರ ಹೇಳಿದ್ದೆ, ಅತ್ತೆಗೆ ಗೊತ್ತಿರಲಿಲ್ಲ. ಸೌಟು ಹಿಡಿದ ಕೈ ನಿಂತಿತು. “ಏನು, ಬಸುರಿನ ಕೊಯ್ಸೋದಾ?”

“ಇಲ್ಲ ಅತ್ತೆ. ಕೊಯ್ಸಲ್ಲ.”

“ಮತ್ತಿನ್ನೇನು? ಬಿಟ್ಟು ಹೋಗು. ನಾನಿಲ್ವಾ ನೋಡ್ಕೊಳ್ಳೋಕೆ?”

“ಬಿಟ್ಟೂ ಹೋಗಲ್ಲ.”

ಹೇಳಿದ್ದು ನಾನೇ. ಆದರೆ ಬೇರೆ ಯಾರೋ ಬಂದು ಹೇಳಿದಂತೆ ಮೂವರೂ, ನಾನೂ ಸೇರಿ, ಬಾಗಿಲ ಕಡೆ ನೋಡಿದೆವು.

“ಮನೇಲಿ ಬಾಣಂತಿ ಇದ್ದಾಗ ಸೊಸೆ ಊರು ದಾಟಬಾರದು ಅಲ್ವಾ ಅತ್ತೆ?”

ಹಾಗೆಂದವರು ಅವರೇ. ಹಿಂದಿನ ಬೇಸಿಗೆಯಲ್ಲಿ ನಾದಿನಿ ಭುವನಾ ಬಾಣಂತನಕ್ಕೆ ಬಂದಿದ್ದಳು. ತುಮಕೂರಿನಲ್ಲಿ ನನಗೆ ಬ್ಯಾಂಕಿನ ಪರೀಕ್ಷೆಯಿತ್ತು. ಹೊರಗೆ ಹೋಗಿ ಬಂದರೆ ಕೂಸಿಗೆ ಗಾಳಿ ಸೋಕುತ್ತದೆ ಎಂದರು. ನಾನು ಹೋಗಲಿಲ್ಲ. ಅದರ ಬಗ್ಗೆ ಮತ್ತೆ ಮಾತೂ ಆಡಿರಲಿಲ್ಲ.

“ಅದು ಮನುಷ್ಯರಿಗೆ ಕಣಮ್ಮ. ಬೆಕ್ಕಿಗೆಲ್ಲ ಎಲ್ಲೈತೆ?”

“ಬೆಕ್ಕಾದ್ರೇನು ಮನುಷ್ಯರಾದ್ರೇನು ಅಂದಿದ್ರಲ್ಲ.”

ಮಾವನಿಗೆ ಸಾರು ನೆತ್ತಿಗೇರಿತು. ಕೆಮ್ಮುತ್ತಾ, ಕಣ್ಣೊರೆಸಿಕೊಳ್ಳುತ್ತಾ, “ಸಿಕ್ಕಾಕ್ಕೊಂಡೆ ನೋಡು ಗಂಗಾ” ಎಂದರು. ಅತ್ತೆ ಅವರ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಅನ್ನ ಬಡಿದು ಒಳಗೆ ಹೋದರು.

ಒಳಗಿನಿಂದ ಮಗನಿಗೆ ಫೋನ್ ಮಾಡಿದ್ದು ಕೇಳಿಸಿತು. “ನಿನ್ ಹೆಂಡ್ತಿ ಸೋಮವಾರ ಬರಲ್ವಂತಪ್ಪಾ. ಬೆಕ್ಕಿನ ಬಾಣಂತನ ಮಾಡ್ತಾಳಂತೆ. ನಾನೇನು ಮಾಡ್ಲಿ, ನಂಗೇ ಬುದ್ಧಿ ಹೇಳ್ತಾಳೆ.” ಆಮೇಲೆ ಬಂದು ಫೋನನ್ನು ನನ್ನ ಎದುರು ಇಟ್ಟರು, ಕೈಗೆ ಕೊಡಲಿಲ್ಲ.

“ವೀಸಾದ ಗಡುವಿನೊಳಗೆ ಬರ್ತೀನಿ ರೀ,” ಅಂದೆ. “ಇಬ್ಬರನ್ನೂ ಕರ್ಕೊಂಡೇ ಬರ್ತೀನಿ. ಒಬ್ಬನನ್ನ ತರೋದಾದ್ರೆ ನಂಗೆ ಬರೋಕಾಗಲ್ಲ.”

ಆ ಕಡೆ ಯಾವುದೋ ಬಾಗಿಲು ಮುಚ್ಚಿದ ಸದ್ದು.

“ಸರಿ. ಮನೆ ಓನರ್‌ಗೆ ಎರಡು ಬೆಕ್ಕು ಅಂತ ಹೇಳಿದೀನಿ. ಇನ್ನು ಐದಾರು ಅಂತ ಹೇಳೋ ಹಾಗೆ ಮಾಡ್ಬೇಡ.”

ನಗಬೇಕಿತ್ತೇನೋ. ಸುಸ್ತಾಗಿತ್ತು.

ಹಿಂದಿನ ಕೋಣೆಯಲ್ಲಿ ಸೀಗೆಕಾಯಿ ಮೂಟೆಗಳ ಸಂದಿಯಲ್ಲಿ ಬೂದಿ ಮೂರು ಮರಿ ಹಾಕಿದಳು. ಬಾಣಂತನ ಮಾಡಿದ್ದು ನಾನಲ್ಲ, ಅತ್ತೆಯೇ. ನನ್ನೊಂದಿಗೆ ಮಾತು ಬಿಟ್ಟಿದ್ದರು, ಬೆಕ್ಕಿನೊಂದಿಗೆ ಬಿಟ್ಟಿರಲಿಲ್ಲ. “ಕುಡಿಯೇ, ಹಾಲು ಇಳೀಬೇಕಲ್ಲ” ಎಂದು ಎದುರು ಕೂರುತ್ತಿದ್ದರು. ಹಾಲು ಅನ್ನದಲ್ಲಿ ಬೂದಿಗೆ ಶಕ್ತಿ ಬರುವುದಿಲ್ಲವೆಂದು ಚಿಕ್ಕಹನುಮಕ್ಕ ಮೀನಿನ ತಲೆಗಳನ್ನು ಎಲೆಯಲ್ಲಿ ಕಟ್ಟಿ ಹಿತ್ತಲ ಗೋಡೆಯ ಮೇಲಿಡುತ್ತಿದ್ದಳು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಎಲೆ ಬಂದ ಹೊತ್ತಿಗೆ ಸರಿಯಾಗಿ ಅತ್ತೆಗೆ ಬೀದಿಬಾಗಿಲಲ್ಲಿ ಏನಾದರೂ ಕೆಲಸ ಇರುತ್ತಿತ್ತು.

ಬೂದಿ ಮರಿಗಳನ್ನು ಕಚ್ಚಿಕೊಂಡು ಜಾಗ ಬದಲಾಯಿಸುತ್ತಲೇ ಇದ್ದಳು. ಮೂಟೆ ಸಂದಿಯಿಂದ ಅಟ್ಟಕ್ಕೆ, ಅಟ್ಟದಿಂದ ಬೀರುವಿನ ಹಿಂದೆ, ಅಲ್ಲಿಂದ ಮಾವನ ಹಳೇ ಪೆಟ್ಟಿಗೆಗೆ. ಪ್ರತಿ ಬೆಳಿಗ್ಗೆ ಹುಡುಕುವುದೇ ನನ್ನ ಕೆಲಸ. ನಡುವೆ ಟಿಕೆಟ್ ಬದಲಾಯಿಸುವುದು, ಏರ್‌ಲೈನಿನವರಿಗೆ ಮೇಲ್, ಭಾಷೆ ಮರೆಯದಿರಲು ಪಾಠ. ನೆಂಟರು ಯಾರೇ ಬಂದರೂ, “ಇನ್ನೂ ಹೋಗ್ಲಿಲ್ವಾ?” ಎನ್ನುತ್ತಿದ್ದರು. ಬೆಕ್ಕು ಎಂದು ಹೇಳಲು ನಾಚಿಕೆಯಾಗಿ, ಕಾಗದಪತ್ರ ಎನ್ನುತ್ತಿದ್ದೆ.

ಮರಿಗಳು ಅನ್ನ ನೆಕ್ಕಲು ಕಲಿತ ಮೇಲೆ ಒಂದನ್ನು ಚಿಕ್ಕಹನುಮಕ್ಕ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಮಾವನ ಅಂಗಡಿಗೆ ಬರುವ ಪಾವಗಡದ ಕಡಲೆಕಾಯಿ ವ್ಯಾಪಾರಿ ಕಾಡಸಿದ್ದಪ್ಪನವರು, “ನಮ್ಮ ಗೋಡೌನ್‌ನಾಗೆ ಎಲುಕಲು ಶಾನೆ ಅವೆ ಸ್ವಾಮಿ, ಆ ಎರಡೂ ನಾಕು ಇಚ್ಚೇಯಿ” ಎಂದು ತೆಲುಗು ಬೆರೆಸಿ ಉಳಿದೆರಡು ಮರಿಗಳನ್ನೂ ಕೇಳಿದರು. ಇಲಿ ಹಿಡಿಯುವ ವಯಸ್ಸಿಗೆ ಅವು ಇನ್ನೂ ಬಂದಿರಲಿಲ್ಲ. ಆದರೂ ರಟ್ಟಿನ ಡಬ್ಬಿಗೆ ತೂತು ಮಾಡಿ ಕೊಟ್ಟೆ. ಬೂದಿ ಎರಡು ದಿನ ಮನೆಯೆಲ್ಲ ಕೂಗುತ್ತಾ ತಿರುಗಿದಳು. ಅತ್ತೆ ಊಟ ಸರಿಯಾಗಿ ಮಾಡಲಿಲ್ಲ.

ಆ ವಾರವೇ ನಾನು ಬೂದಿಯ ಆಪರೇಷನ್ನಿಗೆ ದಿನ ಕೇಳಲು ಡಾಕ್ಟರಿಗೆ ಫೋನ್ ಮಾಡಿದೆ. ಮತ್ತೆ ಬಸುರಾದರೆ ಎಲ್ಲ ಮುಗಿದಂತೆ. ಗಡುವಿಗೆ ಕೆಲವೇ ವಾರ ಉಳಿದಿತ್ತು. ಯಾರನ್ನೂ ಕೇಳಲಿಲ್ಲ. ಹಿತ್ತಲಲ್ಲಿ ನಿಂತು ಮೆಲ್ಲಗೇ ಮಾತಾಡಿದೆ. ಗುರುವಾರ ಬೆಳಿಗ್ಗೆ, ಬರಿ ಹೊಟ್ಟೆಯಲ್ಲಿ ಕರೆತನ್ನಿ ಎಂದರು. ಹೇಳದೆ ಹೋಗುವುದೋ ಹೇಳಿ ಹೋಗುವುದೋ ತೀರ್ಮಾನವಾಗಲಿಲ್ಲ.

ಬುಧವಾರ ಸಂಜೆ ಹೂ ಕಟ್ಟುತ್ತಾ ಕೂತಿದ್ದ ಅತ್ತೆ ಇದ್ದಕ್ಕಿದ್ದಂತೆ ಮಾವನಿಗೆ ಹೇಳಿದರು. “ನಾಳೆ ಕಳ್ಳಂಬೆಳ್ಳಕ್ಕೆ ಹೋಗ್ಬತ್ತೀನಿ. ಅಣ್ಣನ ಮನೆಗೆ.”

“ನಿಮ್ಮಣ್ಣಂಗೇನಾಯ್ತು?”

“ಏನಾಗ್ಬೇಕು? ನೋಡ್ಬೇಕು ಅನ್ನಿಸ್ತು. ಒಂದೆರಡು ದಿನ ಇದ್ದು ಬತ್ತೀನಿ.”

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಸ್ನಾನ ಮುಗಿಸಿ, ಬ್ಯಾಗು ಬಾಗಿಲಲ್ಲಿಟ್ಟು ನಿಂತಿದ್ದರು. ಬೂದಿ ಅವರ ಕಾಲಿಗೆ ಮೈ ಉಜ್ಜಿದಳು. ಬಗ್ಗಲಿಲ್ಲ, ಸೆರಗು ಸರಿಮಾಡಿಕೊಂಡರು. ನನ್ನ ಮುಖ ನೋಡದೆ, ಬೀದಿ ನೋಡುತ್ತಾ ಮಾತಾಡಿದರು.

“ನಾನಿಲ್ದಾಗ ನೀವೇನು ಮಾಡ್ಕೊತೀರೋ ನಂಗೊತ್ತಿಲ್ಲ. ಹಾಲು ಕಾಯ್ಸಿ ಮುಚ್ಚಿಟ್ಟಿದೀನಿ. ಬರಿ ಹೊಟ್ಟೇಲಿ ಕರ್ಕೊಂಡು ಬನ್ನಿ ಅಂತ ತಾನೇ ಅವ್ರು ಅಂದಿರೋದು? ಈಗ ಕೊಡ್ಬೇಡ. ಬಂದ್ಮೇಲೆ ಕೊಡು.”

ನಾನು “ಅತ್ತೆ” ಎಂದು ಕರೆದೆ. ಅವರು ಆಗಲೇ ಮೆಟ್ಟಿಲಿಳಿದಿದ್ದರು.

ಶಿರಾ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಬೂದಿ ಬುಟ್ಟಿಯೊಳಗೆ ಒಂದು ಸಲ ಕೂಗಿ ಸುಮ್ಮನಾದಳು. ನಾನು ಬುಟ್ಟಿಯ ಸುತ್ತ ಎರಡೂ ಕೈ ಹಾಕಿ, ಅದರ ಮುಚ್ಚಳದ ಮೇಲೆ ಗಲ್ಲವಿಟ್ಟು, ಶಿರಾ ಬರುವವರೆಗೆ ನಿದ್ದೆ ಮಾಡಿದೆ.