ಗೇಣುದ್ದದ ಗಾಣದ ದನಿ

ಮದ್ರಾಸಿನ ಸರಕಾರದ ಗಮನಕ್ಕೆ ಕೊನೆಗೂ ಬಾರದೇ ಹೋದ ಒಂದು ಗಂಭೀರ ಸಂಗತಿಯನ್ನು ಇಲ್ಲಿ ದಾಖಲಿಸಬೇಕಾಗಿದೆ: ಸಾವಿರದ ಒಂಬೈನೂರ ಮೂವತ್ತೆರಡರ ಮಾಗಿಯಲ್ಲಿ, ಕಂಪ್ಲಿಯ ಬಡಿಗೇರ ಪಾಲಪ್ಪ ಕಡೆದ ಬೆರಳುದ್ದದ ಎರಡು ಉರುಳೆಗಳು ಸದ್ದೇ ಮಾಡದೆ ತಿರುಗಿದವು.

ಹೊಸಪೇಟೆಯ ವಸ್ತುಪ್ರದರ್ಶನಕ್ಕೆಂದು ಹಳೆಯ ಕಾಲದ ಕಬ್ಬಿನ ಗಾಣದ ಪುಟ್ಟ ಮಾದರಿ ಮಾಡಿಸುತ್ತಿದ್ದ ಜಡೆಪ್ಪ ಸಾವ್ಕಾರರಿಗೆ ಇದು ಬಹಳ ಹಿಡಿಸಿತು. ಎತ್ತು ಕಟ್ಟುವ ಮೇಲಿನ ಮರವನ್ನು ಬೆರಳಿನಿಂದ ತಳ್ಳಿದರೆ ಸಾಕು, ಜಾಲಿಯ ಉರುಳೆಗಳು ಹಲ್ಲಿಗೆ ಹಲ್ಲು ಕೊಟ್ಟು ಬೆಣ್ಣೆಯಂತೆ ಸುತ್ತುತ್ತಿದ್ದವು.

"ಮಸ್ತ್ ಆಗೇತಿ. ಇನ್ನೇನು ಬೇಕಲೇ ನಿನಗ?"

"ಅದು ಅಳಬೇಕ್ರಿ ಸಾವ್ಕಾರ್ರೇ. ಅಳವಲ್ದು."

"ಹಿಂಗ ಅದರ ಮುಂದ ಕುಂತಿ ಅಂದ್ರ ನಿನ್ನ ಹೇಣ್ತಿ ಅಳ್ತಾಳ, ತಡಿ."

ಪಾಲಪ್ಪನಿಗೆ ಬೇಕಿದ್ದದ್ದು ಅಪ್ಪನ ಗಾಣದ ದನಿ. ಮರದ ಗಾಣಗಳಿದ್ದಾಗ ಒಂದೊಂದರದು ಒಂದೊಂದು ನರಳಾಟ. ನಸುಕಿನಲ್ಲಿ ಹೊಳೆಯ ಮಂಜಿನ ಮೇಲೆ ಅದು ತೇಲಿ ಬಂದರೆ, ಹೆಂಗಸರು ಹಾಸಿಗೆಯಲ್ಲೇ ಇಂದು ಯಾರ ಗಾಣ ಹೂಡಿದೆಯೆಂದು ಹೇಳುತ್ತಿದ್ದರು. ಆಮೇಲೆ ಕಬ್ಬಿಣದ ಗಾಣ ಬಂತು, ಅದಕ್ಕೆ ಬಾಯಿಲ್ಲ. ಅಪ್ಪನ ಗಾಣವನ್ನು ಸೀಳಿ ಬೆಲ್ಲದ ಒಲೆಗೆ ಹಾಕಿದರು. ಒಳ್ಳೆಯ ಉರಿ ಕೊಟ್ಟಿತಂತೆ. ಈಗ ಆ ದನಿ ಪಾಲಪ್ಪನಿಗೆ ನಿದ್ದೆಯ ಅಂಚಿನಲ್ಲಿ ಮಾತ್ರ ಕೇಳಿಸುತ್ತಿತ್ತು. ಕಣ್ಣು ಬಿಟ್ಟರೆ ಇರುತ್ತಿರಲಿಲ್ಲ.

ಅದಕ್ಕೇ ಉರುಳೆಗಳನ್ನು ಮತ್ತೆ ಮತ್ತೆ ಕಡೆದ. ಹುಣಸೆಯಲ್ಲಿ ಕಡೆದ, ಬೇವಿನಲ್ಲಿ ಕಡೆದ. ಕಡೆಯಲು ಸುತ್ತಿದ ಹಗ್ಗ ಎಳೆದಾಗ ಮರದ ತುಂಡು ಗಿರ್ರನೆ ತಿರುಗುವುದು, ಉಳಿಯ ತುದಿಯಿಂದ ತೆಳ್ಳನೆಯ ಸುರುಳಿ ಏಳುವುದು; ನೋಡುತ್ತ ನೋಡುತ್ತ ಅವನು ಮತ್ತೆ ಕೂಸಾಗಿ ಗಾಣದ ಮರದ ಮೇಲೆ ತೂಕಡಿಸುತ್ತ ಕುಳಿತಿರುವನು. ಮಂಜು, ಎತ್ತು, ಬಾಳೆಯ ಗಿಡಗಳು, ಮತ್ತೆ ಎತ್ತು ಸುತ್ತಲೂ ಹಾಯುವವು. ಮುಂದೆ ಎತ್ತು ಹೊಡೆಯುತ್ತ ನಡೆಯುವವಳು ಅಕ್ಕ ವಿರುಪಮ್ಮ.

ಆ ದನಿ ಕಿವಿಯಲ್ಲಿ ಉಳಿದಿದ್ದದ್ದು ಅವಳೊಬ್ಬಳಿಗೇ. ಹೊಸ ಉರುಳೆ ಕೂಡಿಸಿದಾಗಲೆಲ್ಲ ಗಾಣವನ್ನು ಅವಳ ಮುಂದೆ ಇಡುತ್ತಿದ್ದ. ಅವಳು ಕಣ್ಣು ಮುಚ್ಚಿ ಕೇಳುವಳು.

"ಇದು ಬಾಗ್ಲ."

ಮರುದಿನ, "ಇದು ಇಲಿ."

ಬೇವಿನದಕ್ಕೆ, "ಇದು ನಿಮ್ಮ ಮಾವ ಗೊರಕಿ ಹೊಡಿಯೂದು. ಒಯ್ಯಿ ಅತ್ಲಾಗ."

ಪ್ರದರ್ಶನದ ಹಿಂದಿನ ದಿನ ವಿರುಪಮ್ಮ ಉಳಿದ ಹಲ್ಲುಗಳಲ್ಲಿ ಕಬ್ಬು ಜಗಿಯುತ್ತಿದ್ದವಳು ನಿಲ್ಲಿಸಿ ಕೇಳಿದಳು: "ಲೇ ಪಾಲ್ಯಾ, ಅದಕ್ಕ ಕುಡಿಯಾಕ ಏನರ ಕೊಟ್ಟೀಯೇನು?"

"ಎಣ್ಣಿ ಬಿಟ್ಟೀನಲ್ಲಕ್ಕ."

"ಎಣ್ಣಿ ಯಾಕ್ ಬೇಕೋ. ಕಬ್ಬಿನ ಹಾಲು ಕೊಡು. ಹಾಲು ಉರುಳಿ ಕುಂದ್ರೂ ಕೆಳಗಿನ ಕುಣ್ಯಾಗ ಇಳಿದು ಅಂಟಾಗೂತನಕ ಅಪ್ಪನ ಗಾಣ ಮೂಕ ಇರ್ತಿತ್ತು. ನೀ ಮ್ಯಾಲೆ ಮಕ್ಕೊಂಡಿರ್ತಿದ್ದಿ, ನಿನಗ್ಹೆಂಗ ಗೊತ್ತಾಗಬೇಕು."

ಪಾಲಪ್ಪ ಎಣ್ಣೆ ಒರೆಸಿ, ಜಾಲಿಯ ಉರುಳೆಗಳನ್ನೇ ಮತ್ತೆ ಕೂಡಿಸಿ, ಕಬ್ಬು ಹಿಂಡಿ ಕುಣಿಗೆ ಹನಿಸಿದ. ಬಿಸಿಲಿಗಿಟ್ಟು ಕಾದ. ಆಮೇಲೆ ಬೆರಳಿನಿಂದ ತಳ್ಳಿದ.

ಒಂದು ಸುತ್ತು ಏನೂ ಇಲ್ಲ. ಎರಡನೆಯದರ ನಡುವೆ ಸಣ್ಣಗೆ, ಉದ್ದಕ್ಕೆ, ಆಚೆ ದಡದಿಂದ ಬಂದಂತೆ ಅದು ನರಳಿತು. ವಿರುಪಮ್ಮ ಕಣ್ಣು ಮುಚ್ಚಿಯೇ ಬರಿಗೈಯನ್ನು ಗಾಳಿಯಲ್ಲಿ ಬೀಸಿ, "ಹೋ, ಹೋ" ಎಂದು ಯಾವುದೋ ಎತ್ತನ್ನು ಹೊಡೆದಳು.

ಹೊಸಪೇಟೆಯಲ್ಲಿ ತೀರ್ಪು ಕೊಡಲು ಬಂದ ಅಧಿಕಾರಿ ಗಾಣ ತಿರುಗಿಸಿ, ಕಿವಿಗೆ ಏನೋ ಚುಚ್ಚಿದವರಂತೆ ಮುಖ ಮಾಡಿದರು. "ಇದಕ್ಕೆ ಎಣ್ಣೆ ಹಾಕೋದಿಲ್ಲವೇನು?"

ಜಡೆಪ್ಪ ಆಗಲೇ ಎಣ್ಣೆಯ ಡಬ್ಬಿ ಹಿಡಿದು ನಿಂತಿದ್ದರು. "ಎರಡು ಹನಿ ಬಿಡೋ, ಜಲ್ದಿ."

ಪಾಲಪ್ಪ ಗಾಣದ ಮೇಲೆ ಅಂಗೈ ಮುಚ್ಚಿದ. "ಬ್ಯಾಡ್ರಿ."

"ಬಹುಮಾನ ಹೋಗ್ತೈತಿ ನೋಡು."

"ಹೋಗ್ಲಿ ಬಿಡ್ರಿ."

"ಹಂಗಾದ್ರ ನಿನ್ನ ಗಾಣ ನೀನಽ ಇಟ್ಕೋ," ಎಂದರು ಜಡೆಪ್ಪ. ಅಷ್ಟರಲ್ಲಿ ಸಿಹಿಯ ವಾಸನೆ ಹಿಡಿದು ಇರುವೆಗಳು ಸಾಲಾಗಿ ಮೇಜು ಹತ್ತುತ್ತಿದ್ದವು. ಅಧಿಕಾರಿ ಮುಂದಿನ ಮೇಜಿಗೆ ಹೋದರು.

ಬಹುಮಾನ ಮರಿಯಮ್ಮನಹಳ್ಳಿಯ ಒಂದು ಕುಂಬಳಕಾಯಿಗೆ ಬಂತು. ಗಾಣ ವಿರುಪಮ್ಮನ ಮನೆಗೆ ಹೋಯಿತು.