ಗೋಡೆ ಬದಿಯ ಸರ್ಕಾರ

ಅವರು ನಡೆಯುತ್ತಿದ್ದುದೇ ಗೋಡೆಗೆ ಒತ್ತಿಕೊಂಡು. ನ್ಯಾಯಾಲಯದ ಅಗಲವಾದ ಮೊಗಸಾಲೆಯಲ್ಲಿ ನಿನ್ನೆ ಮೊನ್ನೆ ಸನ್ನದು ಪಡೆದ ಪುಡಿ ವಕೀಲರೂ ಗೌನು ಬೀಸಿಕೊಂಡು ನಟ್ಟನಡುವೆ ಸಾಗುತ್ತಿದ್ದರೆ, ಪೊಲೀಸು, ಸೆರೆಮನೆ, ಖಜಾನೆಗಳನ್ನೆಲ್ಲ ಬೆನ್ನಿಗಿಟ್ಟುಕೊಂಡ ಈ ಸರ್ಕಾರಿ ವಕೀಲರು ಮಾತ್ರ ಎಡಭುಜವನ್ನು ಗೋಡೆಗೆ ಸವರುತ್ತ, ತಲೆ ತುಸು ಬಾಗಿಸಿ, ಕರೆಯದೆ ಬಂದ ನೆಂಟನ ಹಾಗೆ ಸರಿದುಹೋಗುತ್ತಿದ್ದರು. ಅವರ ಕಪ್ಪು ಕೋಟಿನ ಎಡತೋಳಿನ ಮೇಲೆ ಸುಣ್ಣದ ಬಿಳಿ ಗುರುತು ಎಂದೂ ಅಳಿದದ್ದಿಲ್ಲ. ನಾವು ವಕೀಲರೆಲ್ಲ ಅವರನ್ನು ‘ಸರ್ಕಾರ’ ಎಂದೇ ಕರೆಯುತ್ತಿದ್ದೆವು, ಬೆನ್ನ ಹಿಂದೆಯೂ, ಎದುರಿಗೂ.

ನಾನು ಅವರ ಎದುರು ಪಕ್ಷದವನು. ಸರ್ಕಾರದ ಮೇಲೆ ದಾವೆ ಹೂಡುವವರೆಲ್ಲ ಹುಡುಕಿಕೊಂಡು ಬರುತ್ತಿದ್ದುದು ನನ್ನ ಬಳಿಗೆ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ: “ಯಾಕೆ ಸಾರ್, ಗೋಡೆ ಬೀಳುತ್ತೆ ಅಂತ ಹಿಡ್ಕೊಂಡು ಓಡಾಡ್ತೀರಾ?” ಅವರು ನಗಲಿಲ್ಲ. “ನನ್ನ ಕಕ್ಷಿದಾರ ಬಲು ದಪ್ಪ ಕಣಯ್ಯ. ಎಲ್ಲಿ ನಿಂತ್ರೂ ಯಾರಿಗೋ ದಾರಿಗಡ್ಡ. ನಾನಾದ್ರೂ ಪಕ್ಕಕ್ಕೆ ಸರೀಬೇಡವಾ?” ಎಂದರು.

ಇಷ್ಟು ಕೇಳಿ ಅವರನ್ನು ಸಾಧುಪ್ರಾಣಿ ಎಂದುಕೊಂಡರೆ ಕೆಟ್ಟಿರಿ. ನನ್ನ ಬಾಳಿನ ಬಹುಪಾಲು ಸೋಲುಗಳು ಅವರ ಕೈಯಿಂದಲೇ ಬಂದವು. ಗಲಭೆಯ ಕಾಲಕ್ಕೆಂದು ಹೊಸ ಕಾಯಿದೆಯೊಂದು ಬಂದು, ವಿಚಾರಣೆಯಿಲ್ಲದೆ ಯಾರನ್ನು ಬೇಕಾದರೂ ತಿಂಗಳುಗಟ್ಟಲೆ ಕೂಡಿಹಾಕುವ ಅಧಿಕಾರ ಸರ್ಕಾರದ ಕೈಗೆ ಸಿಕ್ಕಾಗ, ಅದು ಸಂವಿಧಾನಕ್ಕೆ ವಿರುದ್ಧವೆಂದು ನಾನು ಗಂಟಲು ಹರಿಯುವಷ್ಟು ವಾದಿಸಿದೆ. ಅವರು ತಣ್ಣಗೆ ಎದ್ದು, ಬಲವಿಲ್ಲದ ರಾಜ್ಯದಲ್ಲಿ ಬಡವನ ಹಕ್ಕನ್ನು ಮೊದಲು ಕಸಿಯುವವನು ಪಕ್ಕದ ಬೀದಿಯ ಪುಂಡನೇ ಎಂದು ಹೇಳಿ, ಕೊನೆಗೊಂದು ಮಾತು ಸೇರಿಸಿದರು: ಬಂಧಿಸುವ ಅಧಿಕಾರವನ್ನಷ್ಟೇ ಸರ್ಕಾರ ಕೇಳುತ್ತಿದೆ, ಬಚ್ಚಿಡುವ ಅಧಿಕಾರವನ್ನಲ್ಲ, ಈ ನ್ಯಾಯಾಲಯ ಕೇಳಿದ ದಿನ ಕೇಳಿದ ಮನುಷ್ಯನನ್ನು ತಂದು ನಿಲ್ಲಿಸುತ್ತೇವೆ, ಇದಕ್ಕೆ ನಾನು ಹೊಣೆ. ಆ ಒಂದು ಮಾತಿನ ಮೇಲೆ ಕಾಯಿದೆ ಉಳಿದುಕೊಂಡಿತು. ಆಮೇಲೆ ಬಹಳ ದಿನ ನಾನು ಅವರೊಡನೆ ಮಾತು ಬಿಟ್ಟಿದ್ದೆ. ಅವರು ಅದನ್ನು ಗಮನಿಸಿದಂತೆಯೂ ತೋರಲಿಲ್ಲ, ಅದು ನನ್ನನ್ನು ಇನ್ನಷ್ಟು ಉರಿಸಿತು.

ಅವರದೊಂದು ಹಟವಿತ್ತು. ಇಲಾಖೆಯವರು ಬರೆದುಕೊಟ್ಟದ್ದನ್ನು ಅವರು ಹಾಗೆಯೇ ನ್ಯಾಯಾಲಯದಲ್ಲಿ ಒಪ್ಪಿಸುತ್ತಿರಲಿಲ್ಲ. ಎಷ್ಟೇ ದೊಡ್ಡ ಅಧಿಕಾರಿಯಾಗಲಿ, ಅವರ ಕೋಣೆಗೆ ಬಂದು, ಕುರ್ಚಿ ಬಿಟ್ಟು ಎದ್ದು, ಆ ಸಂಗತಿಯನ್ನು ಬಾಯಿಬಿಟ್ಟು ಹೇಳಬೇಕು. “ನನ್ನ ಬಾಯಿಂದ ಹೋಗೋ ಮಾತು ಮೊದ್ಲು ನಿಮ್ಮ ಬಾಯಿಂದ ಬರ್ಲಿ. ನಿಂತ್ಕೊಂಡು ಹೇಳಿ. ನಾನೂ ಅಲ್ಲಿ ನಿಂತೇ ಹೇಳೋದು.” ಮುದುಕನಿಗೆ ಅರಳುಮರಳು ಎಂದು ಅಧಿಕಾರಿಗಳು ಹೊರಗೆ ಬಂದು ನಗುತ್ತಿದ್ದರು. ನಾನೂ ನಗುತ್ತಿದ್ದವನೇ. “ಸರ್ಕಾರ ರಾಕ್ಷಸ ಅಲ್ಲ ಕಣಯ್ಯ,” ಎಂದು ಅವರೊಮ್ಮೆ ನನಗೆ ಬುದ್ಧಿ ಹೇಳಿದ್ದರು. “ರಸ್ತೆ ಮಾಡೋದೂ ಅದೇ, ನಲ್ಲಿಗೆ ನೀರು ಬಿಡೋದೂ ಅದೇ. ಆದ್ರೆ ಅದಕ್ಕೆ ಮುಖ ಇಲ್ಲ ನೋಡು, ಅದಕ್ಕೇ ನಾಚಿಕೆ ಇಲ್ಲ. ನಾಚಿಕೊಳ್ಳೋಕೆ ಅಂತ ಒಬ್ಬನ್ನ ಸಂಬಳ ಕೊಟ್ಟು ಇಟ್ಕೊಂಡಿದೆ.”

ಆ ಮಾತಿನ ಅರ್ಥ ನನಗಾದದ್ದು ಗಿರಣಿ ಮುಷ್ಕರದ ದಿನಗಳಲ್ಲಿ. ಊರಿಗೆ ನಿಷೇಧಾಜ್ಞೆ ಬಿದ್ದಿತ್ತು. ಸಂಜೆಯಾದರೆ ಬೀದಿಯಲ್ಲಿ ಬೂಟಿನ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಮುಷ್ಕರದ ಕರಪತ್ರ ಅಚ್ಚಾದ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ತರುಣನೊಬ್ಬನನ್ನು ಜೀಪಿಗೆ ಹತ್ತಿಸಿಕೊಂಡು ಹೋದರು. ಅದೇ ವಾರ ಹಾಗೆಯೇ ಹೋದ ಗಿರಣಿ ಕಾರ್ಮಿಕನೊಬ್ಬ ಆಮೇಲೆ ಕಾಲುವೆಯಲ್ಲಿ ಹೆಣವಾಗಿ ಸಿಕ್ಕಿದ್ದ. ಅವನು ತಮ್ಮ ವಶದಲ್ಲಿ ಇರಲೇ ಇಲ್ಲವೆಂದು ಠಾಣೆಯವರು ಹೇಳಿದ್ದರು. ತರುಣನ ಅಕ್ಕ, ಬಟ್ಟೆ ಹೊಲಿದು ಬದುಕುವ ಹೆಂಗಸು, ನನ್ನ ಬಳಿ ಬಂದು ಹೇಳಿದ್ದು ಇಷ್ಟೇ: “ಜೀಪ್ ಹತ್ತಿಸೋವಾಗ ಅವನ ಕನ್ನಡಕ ಬಿದ್ದೋಯ್ತು ಸಾರ್. ಅದಿಲ್ದೆ ಅವನಿಗೆ ಮಾರು ದೂರ ಕಾಣಲ್ಲ.” ಅವನನ್ನು ಹಾಜರುಪಡಿಸಬೇಕೆಂದು ನಾನು ಅರ್ಜಿ ಹಾಕಿದೆ. ‘ವಶದಲ್ಲಿಲ್ಲ’ ಎಂಬ ಅದೇ ಮಾತು ಇವನ ವಿಷಯದಲ್ಲೂ ನ್ಯಾಯಾಲಯದ ಕಡತಕ್ಕೆ ಸೇರಿದರೆ, ಆಮೇಲೆ ಇವನು ಯಾವ ಕಾಲುವೆಯಲ್ಲಿ ಸಿಕ್ಕರೂ ಕೇಳುವವರಿರಲಿಲ್ಲ.

ವಿಚಾರಣೆಯ ಬೆಳಿಗ್ಗೆ ಅರ್ಜಿಯ ಪ್ರತಿ ಕೊಡಲು ಸರ್ಕಾರಿ ವಕೀಲರ ಕೋಣೆಗೆ ಹೋದಾಗ ಠಾಣಾಧಿಕಾರಿ ಆಗಲೇ ಎದ್ದು ನಿಂತಿದ್ದ. “ಆ ಹುಡುಗ ನಮ್ಮ ವಶದಲ್ಲಿಲ್ಲ ಸಾರ್,” ಎಂದ. ದನಿ ನಡುಗಲಿಲ್ಲ. ಸರ್ಕಾರಿ ವಕೀಲರು ಇನ್ನೊಮ್ಮೆ ಹೇಳಿಸಿದರು, ಆಗಲೂ ನಡುಗಲಿಲ್ಲ. ಆಗ ಅವರು, ಎಂದೂ ಮಾಡದ ಕೆಲಸವೊಂದನ್ನು ಮಾಡಿದರು. “ಅವನ ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಿದಾಳೆ. ಇದೇ ಮಾತನ್ನ ಅವಳಿಗೂ ಹೇಳಿ,” ಎಂದು ತಾವೂ ಬಾಗಿಲವರೆಗೆ ಬಂದರು.

ಅಧಿಕಾರಿ ಹೊರಗೆ ಬಂದು, “ನಿಮ್ಮ ತಮ್ಮ ನಮ್ಮ ಹತ್ರ ಇಲ್ಲಮ್ಮ,” ಎಂದ. ಆಕೆ ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ಎದ್ದು, ಚಿಂದಿ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಗಂಟನ್ನು ಮುಂದೆ ಹಿಡಿದಳು. “ಕನ್ನಡಕದ ಒಡೆದಿದ್ದ ಗಾಜು ಬೇರೆ ಹಾಕಿಸಿದೀನಿ ಸಾರ್. ಇದೊಂದನ್ನ ಅವನಿಗೆ ಕೊಟ್ಬಿಡಿ.”

ಅಧಿಕಾರಿಯ ಕೈ ತಾನಾಗಿ ಮುಂದೆ ಬಂತು. ಬಂಧಿತರ ಮನೆಯವರು ತರುವ ಬಟ್ಟೆಬರೆ, ಮಾತ್ರೆಗಳನ್ನು ಠಾಣೆಯ ಬಾಗಿಲಲ್ಲಿ ವರ್ಷಗಟ್ಟಲೆ ಇಸಿದುಕೊಂಡ ಕೈ ಅದು. ನಾಲಿಗೆಗೆ ಕಲಿಸಿದ ಸುಳ್ಳನ್ನು ಯಾರೂ ಅದಕ್ಕೆ ಕಲಿಸಿರಲಿಲ್ಲ. ಬೆರಳು ಗಂಟಿಗೆ ತಾಗಿದ ಮೇಲೆ ಅವನಿಗೆ ಎಚ್ಚರವಾಯಿತು, ಕೆಂಡ ಮುಟ್ಟಿದವನಂತೆ ಹಿಂದಕ್ಕೆಳೆದುಕೊಂಡ. ಸರ್ಕಾರಿ ವಕೀಲರು ಅವನ ಮುಖ ನೋಡಲಿಲ್ಲ, ಆ ಕೈಯನ್ನೇ ನೋಡಿದರು. “ಹೊತ್ತಾಯ್ತು, ನಡೀರಿ,” ಎಂದು ಗೋಡೆ ಸವರಿಕೊಂಡು ಹೊರಟರು.

ನ್ಯಾಯಾಧೀಶರು ಸರ್ಕಾರದ ಉತ್ತರ ಕೇಳಿದರು. ಸರ್ಕಾರಿ ವಕೀಲರು ಎದ್ದು ನಿಂತು, ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಅವನು ನಮ್ಮ ವಶದಲ್ಲಿಲ್ಲ ಅಂತ ಹೇಳೋಕೆ ನನಗೆ ಸೂಚನೆ ಇದೆ ಸ್ವಾಮಿ. ನಾನದನ್ನ ಹೇಳಲಾರೆ.”

“ಹೇಳಲಾರೆ ಅಂದ್ರೆ? ನೀವು ಸರ್ಕಾರದ ವಕೀಲರು.”

“ಅದಕ್ಕೇ ಹೇಳಲಾರೆ. ಕೇಳಿದ ಮನುಷ್ಯನ್ನ ತಂದು ನಿಲ್ಲಿಸ್ತೀವಿ ಅಂತ ಇದೇ ಜಾಗದಲ್ಲಿ ನಿಂತು ಮಾತು ಕೊಟ್ಟಿದೀನಿ. ಇವತ್ತೇ ತಂದು ನಿಲ್ಲಿಸಬೇಕು ಅಂತ ಆದೇಶ ಮಾಡಿ ಸ್ವಾಮಿ.”

ಪುಟಗಟ್ಟಲೆ ವಾದ ಸಿದ್ಧಮಾಡಿಕೊಂಡು ಹೋಗಿದ್ದ ನಾನು ಪೆದ್ದನಂತೆ ನಿಂತಿದ್ದೆ. ಆದೇಶವಾಯಿತು. ಅಧಿಕಾರಿ ಟೆಲಿಫೋನಿಗೆ ಓಡಿದ.

ಮಧ್ಯಾಹ್ನವೆಲ್ಲ ಮೊಗಸಾಲೆಯಲ್ಲಿ ಕಾದೆವು. ಬರುವುದು ಮನುಷ್ಯನೋ, ಸುದ್ದಿಯೋ? ಅಕ್ಕ ಬೆಂಚಿನಿಂದ ಕದಲಲಿಲ್ಲ, ಯಾರೋ ತಂದುಕೊಟ್ಟ ಚಹಾ ಪಕ್ಕದಲ್ಲೇ ಆರಿಹೋಯಿತು. ಹಿರಿಯ ವಕೀಲರೊಬ್ಬರು ಸರ್ಕಾರಿ ವಕೀಲರ ಬಳಿ ಬಂದು, “ಉಂಡ ಮನೆಗೆ ಎರಡು ಬಗೆದ್ರಲ್ಲ ಸ್ವಾಮಿ,” ಎಂದು ಚುಚ್ಚಿದರು. ಇವರು ಬೆಂಚಿನ ಕಡೆ ಕಣ್ಣು ತೋರಿಸಿ, “ನಾನು ಉಂಡಿದ್ದು ಆ ಹೆಣ್ಣುಮಗಳ ಮನೇಲಿ. ತೆರಿಗೆ ಕಟ್ಟೋರು ಮಂತ್ರಿಗಳಾ?” ಎಂದರು. ಹೊರಗೆ ಗಾಡಿಯ ಸದ್ದಾದಾಗಲೆಲ್ಲ ಅವರ ತಲೆ ಬಾಗಿಲ ಕಡೆ ತಿರುಗುತ್ತಿತ್ತು. ತಾವು ಆಡಿದ ಮಾತು ಆ ಹುಡುಗನನ್ನು ಉಳಿಸಿತೋ, ಮುಗಿಸಲು ಅವಸರಪಡಿಸಿತೋ ಎಂಬ ಭಯ ಅವರಿಗೂ ಇತ್ತು.

ಬಿಸಿಲು ಇಳಿಯುವ ಹೊತ್ತಿಗೆ ಜೀಪು ಬಂತು. ಮೊಗಸಾಲೆಯ ಆ ತುದಿಯಲ್ಲಿ ಇಬ್ಬರು ಪೇದೆಗಳ ಮುಂದೆ ಅವನು ಕಾಣಿಸಿಕೊಂಡ. ಒಂದು ಕಣ್ಣು ಊದಿಕೊಂಡಿತ್ತು, ಕಾಲೆಳೆಯುತ್ತಿದ್ದ, ಆದರೆ ನಡೆಯುತ್ತಿದ್ದ. ಕನ್ನಡಕವಿಲ್ಲದೆ ದಾರಿ ಕಾಣದೆ ಗೋಡೆಯನ್ನು ತಡವುತ್ತ ತಡವುತ್ತ ಬರುತ್ತಿದ್ದ. ಆ ಗೋಡೆಗೇ ಆತು ನಿಂತಿದ್ದ ಸರ್ಕಾರಿ ವಕೀಲರು ಅವನು ಹತ್ತಿರವಾಗುತ್ತಲೇ, ನಾನು ಕಂಡಂತೆ ಮೊದಲ ಸಲ, ಗೋಡೆ ಬಿಟ್ಟು ಮೊಗಸಾಲೆಯ ನಟ್ಟನಡುವೆ ಬಂದು ನಿಂತು ಅವನಿಗೆ ದಾರಿ ಬಿಟ್ಟರು. ಅಕ್ಕ ಓಡಿಬಂದು ತಮ್ಮನ ಕಿವಿಗೆ ಕನ್ನಡಕ ಸಿಕ್ಕಿಸಿದಳು. ನನಗೆ ಅಳು ತಡೆಯಲಾಗಲಿಲ್ಲ.

ಮಾರನೆಯ ದಿನವೇ ಅವರ ಹುದ್ದೆ ಹೋಯಿತು. ಕೋಟು ಮಾತ್ರ ಅದೇ. ಖಾಸಗಿ ವಕೀಲಿ ಹಿಡಿದು, ಕೆಲವೇ ದಿನಗಳಲ್ಲಿ ನನ್ನ ಬಡ ಬಾಡಿಗೆದಾರನೊಬ್ಬನ ವಿರುದ್ಧ ಮನೆ ಮಾಲೀಕನ ಪರ ವಾದಿಸಿ ನನ್ನನ್ನು ಮತ್ತೆ ಸೋಲಿಸಿದರು. ಅವರೊಡನೆ ಮತ್ತೆ ಮಾತು ಬಿಟ್ಟೆ, ಆದರೆ ಹೆಚ್ಚು ದಿನವಲ್ಲ.

ಪ್ರಜೆಯ ಪರ ನಿಂತು ಸರ್ಕಾರವನ್ನು ಬೈಯುವುದು ನನ್ನಂಥವರ ಕಸುಬು. ಅದಕ್ಕೆ ಗಟ್ಟಿ ಗಂಟಲಿದ್ದರೆ ಸಾಕು. ಅಧಿಕಾರದ ಮಗ್ಗುಲಲ್ಲೇ ನಿಂತು, ಅದಕ್ಕಾಗಿ ಗೆದ್ದು, ಅದರ ಬಲ ಬೇಕೆಂದು ನಂಬಿ, ಒಂದು ದಿನ ಅದರ ಮುಖಕ್ಕೇ ‘ಇಲ್ಲಿಗೆ ಸಾಕು’ ಎನ್ನುವವರು ಬೇರೆಯೇ ಮಣ್ಣಿನವರು. ಬೇಲಿಯೇ ಎದ್ದು ಹೊಲ ಮೇಯ ಹೊರಟಾಗ ಹೊರಗಿನವರ ಕೂಗು ಅದಕ್ಕೆ ಕೇಳಿಸುವುದು ಕಡಿಮೆ. ಬೇಲಿಯ ಗೂಟವೊಂದು ಕದಲದೆ ನಿಂತರೆ ಹೊಲ ಉಳಿಯುತ್ತದೆ. ಬಲ ಎಲ್ಲಿಯವರೆಗೆ ಎಂಬುದನ್ನು ಸಂವಿಧಾನದಲ್ಲಿ ಬರೆದಿಡಬಹುದು. ನಾಚಿಕೆಯನ್ನು ಬರೆದಿಡಲಾಗದು, ಅದನ್ನು ಯಾರಾದರೊಬ್ಬ ಮನುಷ್ಯ ತನ್ನ ಕೋಟಿನೊಳಗೆ ಹೊತ್ತು ತರಬೇಕು.