ಕಿವಿಯ ಕೈ ಏಳುವವರೆಗೆ

ಗಡಿಯಾರ ರಿಪೇರಿಯವರನ್ನು ಊರೆಲ್ಲ ಕರೆಯುತ್ತಿದ್ದುದು ‘ಕಿವಿಯವರು’ ಎಂದೇ. ಕಟ್ಟುಕಾಳಗದಲ್ಲಿ ಇಬ್ಬರ ಎಡಗೈಗಳನ್ನು ಒಂದೇ ಚರ್ಮದ ಪಟ್ಟಿಯಿಂದ ಬಿಗಿದು ಕಣಕ್ಕೆ ಬಿಡುತ್ತಾರೆ. ಸೋತವನು ‘ಸಾಕು’ ಅನ್ನಬೇಕು. ಅದನ್ನು ಕೇಳಿಸಿಕೊಂಡು ಕೈ ಎತ್ತುವ ಹಕ್ಕು ಕಿವಿಯವರಿಗೆ ಮಾತ್ರ. ಆ ಕೈ ಏಳುವ ತನಕ ಗೆದ್ದವನು ಪಟ್ಟು ಸಡಿಲಿಸುವಂತಿಲ್ಲ, ನೋಡುವವರು ಪಿಟ್ಟೆನ್ನುವಂತಿಲ್ಲ. ತಪ್ಪಿದರೆ ಅವರ ಮನೆಯವರಿಗೆಲ್ಲ ಕಣದ ಬಾಗಿಲು ಶಾಶ್ವತವಾಗಿ ಮುಚ್ಚಿದಂತೆ.

ಇಂಥ ಕಿವಿಯವರಿಗೆ ಈಚೆಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ಮೊದಲು ಪಿಸುಮಾತು ಹೋಯಿತು, ಆಮೇಲೆ ಬಾಗಿಲು ಬಡಿಯುವ ಸದ್ದು, ಆಮೇಲೆ ಹೆಂಡತಿಯ ಬೈಗುಳ. ಕೊನೆಯದಕ್ಕೆ ಅವರೇನೂ ಅಷ್ಟಾಗಿ ಮರುಗಲಿಲ್ಲ ಅನ್ನಿ. ಗಡಿಯಾರವನ್ನು ಹಲ್ಲಿಗೆ ಒತ್ತಿಕೊಂಡು, ಅದು ನಡೆಯುತ್ತಿದೆಯೋ ಇಲ್ಲವೋ ಎಂದು ಒಸಡಿನಲ್ಲೇ ತಿಳಿಯುತ್ತಿದ್ದರು. ಗಿರಾಕಿಗಳು ಅದನ್ನೂ ಒಂದು ಕೈಗುಣ ಅಂದುಕೊಂಡರು. ಕಣದಲ್ಲಿ ತುಟಿ ನೋಡಿ ಕೈ ಎತ್ತುತ್ತಿದ್ದರು. ಹೇಳಿಬಿಡಬಹುದಿತ್ತಲ್ಲ ಅಂದರೆ, ಹೇಗೆ ಹೇಳುತ್ತಾರೆ? ಬೀದಿಯಲ್ಲಿ ಕಂಡಾಗ ಎದ್ದು ನಿಲ್ಲುವ ಜನ ಮರುದಿನದಿಂದ ಕೂತೇ ಇರುತ್ತಾರೆ.

ಈ ಸಲ ಕಣಕ್ಕೆ ಇಳಿಯುವವನು ಅವರ ಅಳಿಯ, ಬೇಕರಿಯಲ್ಲಿ ಹಿಟ್ಟು ನಾದುವವನು. ಬೆಳಿಗ್ಗೆಯೇ ಮಗಳು ಅಂಗಡಿಗೆ ಬಂದು ಎದುರು ನಿಂತಳು.

“ಅಪ್ಪಾ, ಇವರ ಬಲಭುಜ ಮೊದಲೇ ಸರಿ ಇಲ್ಲ. ಅದೇ ನಮ್ಮ ಅನ್ನ. ಸಾಕು ಅಂದ ತಕ್ಷಣ ಕೈ ಎತ್ತಿಬಿಡು.”

“ಅಳಿಯ ಅಂತ ಮುಂಚೆ ಎತ್ತೋಕಾಗಲ್ಲಮ್ಮ. ಅಂದ ಕೂಡಲೇ ಎತ್ತುತ್ತೀನಿ.”

“ಅಷ್ಟು ಮಾಡು ಸಾಕು” ಎಂದು ಅವಳು ನಿಶ್ಚಿಂತೆಯಿಂದ ಹೋದಳು.

ಸಂಜೆ ಇಬ್ಬರೂ ಕಣಕ್ಕೆ ಬಂದಾಗ ಕಿವಿಯವರು ಕೂತಲ್ಲೇ ಮುಂದಕ್ಕೆ ಬಾಗಿ ನೋಡಿದರು. ಇಬ್ಬರ ಮುಖದ ಮೇಲೂ ದಪ್ಪ ಚರ್ಮದ ಮುಖವಾಡ. ಕಣ್ಣಿಗೆ ಎರಡು ತೂತು, ಬಾಯಿಯ ಕಡೆ ಸೂಜಿಯಲ್ಲಿ ಚುಚ್ಚಿದಷ್ಟು ಕಿಂಡಿಗಳು.

“ಇದೇನಿದು?” ಎಂದು ಪಕ್ಕದಲ್ಲಿ ಕೂತಿದ್ದ ಕಾಳಗ ಸಮಿತಿಯ ಕಾರ್ಯದರ್ಶಿಯನ್ನು ಕೇಳಿದರು.

ಅವನು ಅವರತ್ತ ಪೂರ್ತಿ ತಿರುಗಿ ಹೇಳಿದ: “ಹಲ್ಲು ಮುರೀತವೆ, ಮುಖವಾಡ ಹಾಕೋಣ್ವಾ ಅಂತ ಸಭೇಲಿ ಕೇಳಿದ್ವಲ್ಲ. ಮೊದಲು ತಲೆ ಆಡಿಸಿದ್ದೇ ನೀವು.”

ನೆನಪಾಯಿತು. ಆ ದಿನ ಎಲ್ಲರೂ ತಮ್ಮ ಕಡೆಗೇ ನೋಡುತ್ತಿದ್ದಾರೆಂದು ತಲೆ ಆಡಿಸಿದ್ದರು. ಇನ್ನೊಂದು ಲೋಟ ಚಹಾ ಬೇಕೇ ಎಂದು ಕೇಳುತ್ತಿದ್ದಾರೆ ಅಂದುಕೊಂಡಿದ್ದರು.

ಎದ್ದು ಹೇಳುವುದಕ್ಕೆ ಇನ್ನೂ ಹೊತ್ತಿತ್ತು. ಎದ್ದರು ಕೂಡ. ಜನ ಗೌರವದಿಂದ ತಾವೂ ಎದ್ದರು. ಹಾಳು ಮರ್ಯಾದೆ ಬಾಯಿ ಕಟ್ಟಿತು. ಉಸಿರು ನೋಡಿದರೆ ಗೊತ್ತಾಗದೇ ಇರುತ್ತದೆಯೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಕೂತುಬಿಟ್ಟರು.

ಎದುರಾಳಿ ಗೋಡೆ ಕಟ್ಟುವ ಮೇಸ್ತ್ರಿ. ನೋಡನೋಡುತ್ತಿದ್ದಂತೆ ಅಳಿಯನನ್ನು ಬೋರಲು ಕೆಡವಿ, ಬಲಗೈಯನ್ನು ಬೆನ್ನ ಮೇಲಕ್ಕೆ ತಿರುಚಿ ಹಿಡಿದ. ಅಳಿಯನ ಕಾಲುಗಳು ನೆಲ ಬಡಿಯುತ್ತಿದ್ದವು. ಇನ್ನೂ ಕಸುವಿದೆ, ಬಿಡಿಸಿಕೊಳ್ಳುತ್ತಾನೆ ಎಂದುಕೊಂಡರು ಕಿವಿಯವರು. ಮೇಸ್ತ್ರಿ ಕತ್ತೆತ್ತಿ ಅವರನ್ನೇ ದಿಟ್ಟಿಸಿದ. ಮುಖವಾಡದ ತೂತುಗಳಲ್ಲಿ ಕಣ್ಣು ಒದ್ದೆಯಾಗಿತ್ತು. ಪಾಪ, ಬೆವರು. ಸುತ್ತ ನೋಡಿದರೆ ಯಾರೊಬ್ಬರೂ ಕಣದ ಕಡೆ ನೋಡುತ್ತಿರಲಿಲ್ಲ. ಅಷ್ಟೂ ಜನರ ಕಣ್ಣು ಅವರ ಮೇಲೆಯೇ. ಕಿವಿಯವರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು.

ಆಗ ಮಗಳು ಕಣದ ಸುತ್ತಲಿನ ಹಗ್ಗ ಹಾರಿ ಬಂದಳು. ಗಂಡನ ಹತ್ತಿರ ಹೋಗಲಿಲ್ಲ. ನೇರ ಅಪ್ಪನ ಹತ್ತಿರ ಬಂದು, ಅವರ ಕೈಯನ್ನು ಎರಡೂ ಕೈಯಿಂದ ಹಿಡಿದು ಮೇಲಕ್ಕೆತ್ತಿದಳು. ಮೇಸ್ತ್ರಿ ಪಟ್ಟು ಬಿಟ್ಟು ಅಲ್ಲೇ ಕುಸಿದು ಕೂತ. ಕಿವಿಯವರು ಅವಳತ್ತ ತಿರುಗಿದರು. ಮಗಳ ಬಾಯಿ ಅಲ್ಲಾಡುತ್ತಿತ್ತು.

“ಎಷ್ಟೊತ್ತಿಂದ ಸಾಕು ಸಾಕು ಅಂತಿದಾರಲ್ಲಪ್ಪಾ. ನಿಂಗೆ ಕೇಳ್ಸಲ್ವಾ?”

ಅವರ ಕಣ್ಣು ಅವಳ ತುಟಿಯ ಮೇಲೆಯೇ ಇತ್ತು. ಅವಳು ಅವರ ಮುಖವನ್ನೇ ನೋಡಿದಳು. ಗೊತ್ತಾಯಿತು. ಹಿಡಿದಿದ್ದ ಕೈ ಬಿಟ್ಟಳು.

ಕಣದಲ್ಲಿ ಯಾರೋ ಅಳಿಯನನ್ನು ಮಗ್ಗುಲಾಗಿಸಿದರು. ಬಲಗೈ ಅವನ ಜೊತೆ ತಿರುಗಲಿಲ್ಲ. ಮುಖವಾಡ ಬಿಚ್ಚಿದಾಗ ಅವನ ತುಟಿ ಇನ್ನೂ ಅಲ್ಲಾಡುತ್ತಲೇ ಇತ್ತು. ಅಷ್ಟು ದೂರದಿಂದಲೂ ಕಿವಿಯವರಿಗೆ ಅದು ಸ್ಪಷ್ಟವಾಗಿ ತಿಳಿಯಿತು. ಅವನು ಮಾವಾ, ಮಾವಾ ಎಂದು ಕರೆಯುತ್ತಿದ್ದ.